ನೇಪಾಳದ ಕೆಂಪು ಹೂವೂ ನಮ್ಮ ಭಾವನ ಗಂಟಲೂ

ನೇಪಾಳಕ್ಕೆ ಹೋಗಿಬಂದವಳು ಎಂದು ಗೊತ್ತಾದ ಕೂಡಲೇ ಮಳವಳ್ಳಿಯಲ್ಲಿ ಎಲ್ಲರೂ ಕೇಳುವುದು ಎರಡೇ ಮಾತು. ಹಿಮದ ಬೆಟ್ಟ ಕಂಡಿತಾ? ಪಶುಪತಿಯ ದರ್ಶನವಾಯಿತಾ? ಹಿಮದ ಬೆಟ್ಟ ಕಂಡಿತು, ದರ್ಶನವೂ ಆಯಿತು. ಆದರೆ ಆ ದೇಶದ ಹೆಸರೆತ್ತಿದರೆ ನನ್ನ ಕಣ್ಣಿಗೆ ಮೊದಲು ಬರುವುದು ಒಂದು ಕೆಂಪು ಹೂವು ಮತ್ತು ಅದನ್ನು ಜಗಿಯುತ್ತ ಕಣ್ಣಲ್ಲಿ ನೀರಿಳಿಸಿಕೊಂಡು ಕೂತಿದ್ದ ನಮ್ಮ ಭಾವ.

ಭಾವನ ಹೆಸರು ಮರಿಗೌಡ. ಊರು ಬಂಡೂರು, ಬದುಕು ಕುರಿ. ನಮ್ಮ ಅಕ್ಕ ಪುಟ್ಟತಾಯಮ್ಮನನ್ನು ಅವರಿಗೆ ಕೊಟ್ಟಿದೆ. ನಾನು ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅಪ್ಪ ಧೈರ್ಯ ಮಾಡಿ ಮೈಸೂರಿಗೆ ಕಳಿಸಿ ಹೆರಿಗೆ ಮಾಡಿಸುವ ಕೆಲಸ ಕಲಿಸಿದ್ದರಿಂದ ಈಗ ಮಳವಳ್ಳಿಯ ಆಸ್ಪತ್ರೆಯಲ್ಲಿ ನರ್ಸಮ್ಮ ಆಗಿದ್ದೇನೆ.

ನಾವು ಹೊರಡುವುದಕ್ಕೆ ಎರಡು ವರ್ಷ ಮುಂಚೆ ಭಾವನ ಕುರಿಗಳಿಗೆ ರೋಗ ಬಿತ್ತು. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಕಾಲು ಚಾಚುತ್ತಿತ್ತು. ಅರ್ಧ ಹಿಂಡು ಹೋದ ಮೇಲೆ ಅಕ್ಕನಿಗೆ ಯಾರೋ ಬೈರಾಗಿ ಹೇಳಿದ್ದ ಮಾತು ನೆನಪಾಯಿತು: ಉತ್ತರದಲ್ಲಿ ಪಶುಗಳಿಗೆಲ್ಲ ಒಡೆಯನಾದ ಶಿವ ಒಬ್ಬನಿದ್ದಾನೆ. ಉಳಿದ ಕುರಿ ಉಳಿಸಿಕೊಟ್ಟರೆ ಶಿವರಾತ್ರಿಗೆ ನಿನ್ನ ಬಾಗಿಲಿಗೆ ಬರುತ್ತೇವೆ ಎಂದು ಹರಕೆ ಹೊತ್ತಳು. ರೋಗ ನಿಂತಿತು. ಊರು ಬಿಟ್ಟಲ್ಲಿಂದ ದರ್ಶನವಾಗುವ ತನಕ ಬಾಡು, ಮೀನು, ಮೊಟ್ಟೆ ಮುಟ್ಟಬಾರದು ಎನ್ನುವುದೂ ಆ ಹರಕೆಯ ಭಾಗ. ಸಾರಿನಲ್ಲಿ ಎಲುಬಿಲ್ಲದಿದ್ದರೆ ಮುದ್ದೆ ಮುರಿಯದ ಭಾವ ಅದಕ್ಕೂ ಹೂಂ ಅಂದರು.

ಮಳವಳ್ಳಿಯ ಸಾಬರ ಮನೆಗಳಲ್ಲಿ ಹೆರಿಗೆ ಮಾಡಿಸುತ್ತ ಅಷ್ಟಿಷ್ಟು ಹಿಂದೂಸ್ತಾನಿ ಕಲಿತಿದ್ದೆ. ಆ ಒಂದು ವಿದ್ಯೆಗಾಗಿ ನನ್ನನ್ನೂ ಕರೆದುಕೊಂಡರು. ಯುರೋಪಿನಲ್ಲಿ ಯುದ್ಧ ಶುರುವಾಗಿತ್ತು, ರೈಲಿನ ತುಂಬ ಸಿಪಾಯಿಗಳು. ಹಾಗೂ ಹೀಗೂ ಗಡಿ ಮುಟ್ಟಿದೆವು.

ಗಡಿಯಲ್ಲಿ

ಶಿವರಾತ್ರಿಯ ಯಾತ್ರಿಕರಿಗೆ ಮಾತ್ರ ಆ ದೇಶದ ಬಾಗಿಲು ಸಲೀಸಾಗಿ ತೆರೆಯುತ್ತದೆ. ಅದಕ್ಕೂ ಮೊದಲು ಒಬ್ಬ ವೈದ್ಯ ನಾಡಿ ಹಿಡಿದು ನೋಡಬೇಕು, ಗುಡ್ಡ ಹತ್ತುವ ಗಟ್ಟಿಗರೇ ಎಂದು. ಕೈಗಳು ಸಾಲಾಗಿ ಚಾಚಿದ್ದವು. ಆತ ಎರಡು ಬೆರಳು ತಾಗಿಸಿ ಮುಂದೆ, ಮುಂದೆ ಎನ್ನುತ್ತಿದ್ದ. ಗಡಿಯಾರ ಹಿಡಿದು ನಾಡಿ ಎಣಿಸಿ ಅಭ್ಯಾಸವಾದ ನಾನು ಸುಮ್ಮನಿರಲಾರದೆ, "ಎಷ್ಟು ಬಡಿಯಿತು?" ಎಂದು ಕೇಳಿದೆ. "ಎಣಿಸುವುದಿಲ್ಲ, ಕೇಳಿಸಿಕೊಳ್ಳುತ್ತೇನೆ" ಎಂದು ನನ್ನನ್ನೂ ಮುಂದಕ್ಕೆ ತಳ್ಳಿದ.

ಭಾವ ತಮ್ಮ ಮಣಿಕಟ್ಟು ತಿರುಗಿಸಿ ನೋಡಿಕೊಂಡು, "ಕುರಿ ಕೊಳ್ಳಾಕೆ ಬಂದೋನೂ ಇದ್ಕಿಂತ ಚೆಂದಾಗಿ ಮುಟ್ಟಿ ನೋಡ್ತಾನೆ ಕಣಮ್ಮಿ" ಅಂದರು.

ಭೀಮ್‌ಫೇದಿ

ಪುಟಾಣಿ ರೈಲು, ಆಮೇಲೆ ಲಾರಿ. ಭೀಮ್‌ಫೇದಿಯಲ್ಲಿ ಲಾರಿಯ ರಸ್ತೆಯೂ ಮುಗಿಯುತ್ತದೆ. ಎದುರಿಗೆ ಗೋಡೆ ನಿಲ್ಲಿಸಿದ ಹಾಗೆ ಬೆಟ್ಟ, ಅದರ ಆಚೆಗೆ ಇನ್ನೂ ಬೆಟ್ಟ. ಕಾಠ್ಮಂಡುವಿಗೆ ಕಾಲ್ನಡಿಗೆಯೇ ಗತಿ. ಅಲ್ಲಿನ ದೊಡ್ಡ ಮನುಷ್ಯರಿಗೆ ಮೋಟಾರು ಕಾರು ಬೇಕಲ್ಲ, ಅದು ಹೇಗೆ ಹೋಗುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಉತ್ತರ ಎದುರಿಗೆ ಬಂತು. ಚಕ್ರ ಬಿಚ್ಚಿದ ಒಂದು ಕಾರನ್ನು ಉದ್ದ ಗಳಗಳಿಗೆ ಕಟ್ಟಿ, ಒಂದು ಹಿಂಡು ಗಂಡಸರು ಹೆಗಲ ಮೇಲೆ ಹೊತ್ತು, ಒಂದೇ ರಾಗದಲ್ಲಿ ಕೂಗು ಹಾಕುತ್ತ ಬೆಟ್ಟದ ಕಡೆ ನಡೆದಿದ್ದರು. ನಮ್ಮಲ್ಲಿ ಮನುಷ್ಯ ಕಾರಿನಲ್ಲಿ ಕೂರುತ್ತಾನೆ, ಇಲ್ಲಿ ಕಾರು ಮನುಷ್ಯರ ಮೇಲೆ ಕೂತಿತ್ತು. ಅವರ ತಲೆಯ ಮೇಲೆ, ಆಕಾಶದಲ್ಲಿ, ಕಬ್ಬಿಣದ ಹಗ್ಗಕ್ಕೆ ಜೋತುಬಿದ್ದು ಸರಕಿನ ತೊಟ್ಟಿಗಳು ತಮ್ಮಷ್ಟಕ್ಕೆ ಸಾಗುತ್ತಿದ್ದವು. "ನಮ್ ಬ್ಲಫ್ನಾಗೆ, ಕರೆಂಟ್ ಮಾಡೋ ತಾವು, ಟ್ರಾಲಿ ಇಲ್ವಾ, ಅಂಗೇ ಇದೂ ಕರೆಂಟಿಂದು" ಎಂದು ಭಾವ ಅಕ್ಕನಿಗೆ ವಿವರಿಸಿದರು.

ಬೆನ್ನ ಬುಟ್ಟಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ ಎಂದು ಒಬ್ಬ ಹಮಾಲಿ ಅಕ್ಕನ ಹಿಂದೆ ಬಿದ್ದ. ಅಕ್ಕ ಅವನ ಸಣಕಲು ಕಾಲು ನೋಡಿ, "ಇವನ್ ಬೆನ್ನ್ ಮೇಲೆ ಕೂತ್ಕಂಡ್ ಓದ್ರೆ ಆ ಪುಣ್ಯ ಇವನ್ಗೇ ಸೇರ್ತದೆ. ನಡೀತೀನಿ ಬುಡು" ಅಂದಳು.

ಆ ಸಂಜೆ ಭಾವ ಹೊಳೆಗೆ ಹೋಗಿ ಮೈ ತೊಳೆದು ಬರುತ್ತೇನೆ ಎಂದು ಹೋದವರು ಬಹಳ ಹೊತ್ತಾದ ಮೇಲೆ ಬಂದರು. ಊಟ ಬೇಡ ಅಂದರು. ಬೆಳಿಗ್ಗೆ ಹುರಿಹಿಟ್ಟು ಕೊಟ್ಟರೂ ಬೇಡ ಅಂದರು. ಅಕ್ಕನ ಮುಖ ಅರಳಿತು. "ನೋಡ್ದಾ, ಸಿವರಾತ್ರಿ ಇನ್ನೂ ನಾಕ್ ದಿನ ಐತೆ, ಆಗ್ಲೇ ಉಪಾಸ ಇಡ್ಕಂಡವ್ರೆ. ನಾನ್ ಏಳೂ ಇಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನ ಬಗ್ಗೆ ಇಷ್ಟು ಹೆಮ್ಮೆಯಿಂದ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಚೀಸಾಪಾನಿಯ ಏರು

ಏರು ಎಂದರೆ ಮೆಟ್ಟಿಲಿಲ್ಲದ ಗೋಡೆ. ಅರ್ಧ ಹತ್ತಿದ ಮೇಲೆ ಗಾಳಿ ತಣ್ಣಗಾಯಿತು. ಒಂದು ತಿರುವಿನಲ್ಲಿ ಇಡೀ ಇಳಿಜಾರಿಗೆ ಕುಂಕುಮ ಚೆಲ್ಲಿದ ಹಾಗೆ ಹೂವು ಕಂಡಿತು. ಗಿಡ ಎನ್ನಬೇಕೋ ಮರ ಎನ್ನಬೇಕೋ ತಿಳಿಯದು. ಗಾಳಿ ಹೊಡೆಯುವ ಕಡೆ ಆಳೆತ್ತರದ ಸೊಟ್ಟ ಪೊದೆ, ಕಣಿವೆಯ ಮರೆಯಲ್ಲಿ ದೊಡ್ಡ ಮರ. ಎಲೆ ಮಾವಿನೆಲೆಯಷ್ಟು ಉದ್ದ, ದಪ್ಪ, ಅಡಿಯಲ್ಲಿ ಬೆಳ್ಳಿಬಣ್ಣ. ಕೊಂಬೆಯ ತುದಿಯಲ್ಲಿ ಹತ್ತಾರು ಗಂಟೆಗಳನ್ನು ಸೇರಿಸಿ ಕಟ್ಟಿದ ಚೆಂಡಿನಂಥ ಹೂಗೊಂಚಲು. ಎದುರಿಗೆ ಸಿಕ್ಕಿದ ಹೆಂಗಸರೆಲ್ಲ ಅದನ್ನೇ ಮುಡಿದಿದ್ದರು. "ಲಾಲಿ ಗುರಾಂಸ್" ಎಂದು ಹೆಸರು ಹೇಳಿದರು.

ಊರಿಗೆ ಬಂದ ಮೇಲೆ ನಮ್ಮ ಆಸ್ಪತ್ರೆಯ ಡಾಕ್ಟರು ಪುಸ್ತಕ ತೆಗೆದು ನೋಡಿ, ಇಂಗ್ಲೆಂಡಿನ ಬೋಳುಗುಡ್ಡಗಳಲ್ಲಿ ಬೆಳೆಯುವ ಹೀದರ್ ಎಂಬ ಕುರುಚಲು ಗಿಡಕ್ಕೆ ಇದು ದಾಯಾದಿ, ನಮ್ಮ ನೀಲಗಿರಿಯ ನೆತ್ತಿಯಲ್ಲೂ ಇದರ ಒಂದು ಕವಲು ಇದೆ ಎಂದರು. ಮಳವಳ್ಳಿಯಿಂದ ಬಸ್ಸು ಹಿಡಿದರೆ ಸಿಗುವ ಹೂವನ್ನು ನೋಡಲು ನಾನು ಹಿಂದೂಸ್ತಾನವನ್ನೇ ದಾಟಿದ್ದೆ!

ಆ ದಿನ ಹೂವು ನೋಡಿ ನಿಂತವಳು ನಾನು, ಎಲೆ ನೋಡಿ ನಿಂತವರು ಭಾವ. ಅಲ್ಲೊಬ್ಬ ಮೇಕೆ ಕಾಯುವವ ತನ್ನ ಮೇಕೆಗಳನ್ನು ಆ ಪೊದೆಗಳ ಹತ್ತಿರ ಹೋಗಗೊಡದೆ ಕಲ್ಲು ಬೀರಿ ಓಡಿಸುತ್ತಿದ್ದ. ಇಷ್ಟು ಹಸಿರು ಸೊಪ್ಪನ್ನು ಬಿಟ್ಟು ಒಣಹುಲ್ಲಿಗೆ ಅಟ್ಟುವುದೇಕೆ? ಭಾವ ಎಲೆ ಕಿತ್ತು ಕೈಯಲ್ಲೇ ಕೇಳಿದರು. ಅವನೂ ಕೈಯಲ್ಲೇ ಹೇಳಿದ: ಎಲೆ ಬಾಯಿಗಿಟ್ಟುಕೊಂಡಂತೆ ನಟಿಸಿ, ತೂರಾಡಿ, ಬಾಯಲ್ಲಿ ನೊರೆ ಬಂದಂತೆ ತೋರಿಸಿ, ಧೊಪ್ಪನೆ ನೆಲಕ್ಕೆ ಬಿದ್ದ. ಭಾವ ಎಲೆ ಎಸೆದು ಕೈಯನ್ನು ಪಂಚೆಗೆ ಉಜ್ಜಿ ಉಜ್ಜಿ ಒರೆಸಿಕೊಂಡರು. ಆಮೇಲೆ ಪಕ್ಕಕ್ಕೆ ತಿರುಗಿ ಉಗುಳಿದರು. ಉಗುಳಿನಲ್ಲಿ ರಕ್ತವಿತ್ತು.

ಅಕ್ಕ ಮುಂದೆ ಹೋಗುತ್ತಿದ್ದಳು. ನಾನು ಭಾವನ ತೋಳು ಹಿಡಿದು ನಿಲ್ಲಿಸಿದೆ. "ಭಾವ, ಏನಿದು?"

ಅವರು ಅಕ್ಕನ ಬೆನ್ನು ನೋಡಿ ದನಿ ಇಳಿಸಿದರು. "ನಿಮ್ಮಕ್ಕಂಗೆ ಏಳ್ಬೇಡ ಕಣಮ್ಮಿ. ನಿನ್ನೆ ಸಂಜೆ ಒಳೆ ತಾವು ಮೀನ್ ಸುಡ್ತಿದ್ರು. ವಾಸ್ನೆ ತಡೀನಾರ್ದೆ ಒಂದ್ ತಿಂದ್ಬುಟ್ಟೆ. ಮುಳ್ಳು ಸಿಕ್ಕಾಕಂಬುಡ್ತು."

"ಒಂದೇನಾ?"

"ಮೂರು."

"ನಿನ್ನೆಯಿಂದ ಯಾಕೆ ಹೇಳಲಿಲ್ಲ?"

"ರಾತ್ರಿ ನೀವ್ ಮನಗಿದ್ಮ್ಯಾಲೆ ಹುರಿಹಿಟ್ಟ ಮುದ್ದೆ ಕಟ್ಟಿ ನುಂಗ್ದೆ, ಓಯ್ತದೆ ಅಂತ. ಇನ್ನೂ ಕೆಳಿಕೆ ನಾಟ್ಕತು. ಎಂಜ್ಲು ನುಂಗೂಕೂ ಆಯ್ತಾ ಇಲ್ಲ." ಅಕ್ಕನ ಕಡೆ ಗಲ್ಲ ಎತ್ತಿ ತೋರಿಸಿ ಹೇಳಿದರು: "ಅವ್ಳು ನಾನು ಉಪಾಸ ಅಂದ್ಕಂಡವ್ಳೆ. ಯಂಗ್ ಏಳ್ಲಿ?"

ಬಂಡೆಯ ಮರೆಗೆ ಕೂರಿಸಿ, ಚಮಚದ ಹಿಡಿಯಿಂದ ನಾಲಿಗೆ ಒತ್ತಿ ಬ್ಯಾಟರಿ ಬಿಟ್ಟು ನೋಡಿದೆ. ಗಂಟಲು ಕೆಂಪಗೆ ಊದಿತ್ತು, ಮುಳ್ಳು ಮಾತ್ರ ಕಣ್ಣಿಗೆ ಬೀಳಲಿಲ್ಲ. ನನಗೆ ಹೆದರಿಕೆಯಾಯಿತು. ಹಿಂದೊಮ್ಮೆ ಇದೇ ತರಹ ಮುಳ್ಳು ನುಂಗಿ, ತಡಮಾಡಿ ಬಂದ ಹೆಂಗಸೊಬ್ಬಳನ್ನು ನೋಡಿದ್ದೆ. ಕತ್ತು ಬಾತು ಜ್ವರ ಏರಿದ್ದ ಅವಳನ್ನು ಉಳಿಸಿಕೊಳ್ಳಲು ಆಗಿರಲಿಲ್ಲ. ಡಾಕ್ಟರು ಇರುವುದು ಕಾಠ್ಮಂಡುವಿನಲ್ಲಿ, ನಮ್ಮ ನಡಿಗೆಗೆ ಎರಡು ದಿನ. ಹಿಂದೆ ಹೋದರೂ ಅಷ್ಟೇ ದೂರ, ದರ್ಶನವೂ ತಪ್ಪುತ್ತದೆ. ಮುಂದಕ್ಕೇ ಹೊರಟೆವು. ದಾರಿಯುದ್ದಕ್ಕೂ ಭಾವನ ಕುತ್ತಿಗೆ ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಚಳಿಗೆ ಗಂಟಲು ಕಟ್ಟಿದೆ ಎಂದು ಅಕ್ಕನಿಗೆ ಸುಳ್ಳು ಹೇಳಿದೆ.

ಕುಲೇಖಾನಿ

ಸೂರ್ಯ ಇನ್ನೂ ಬೆಟ್ಟದ ಮೇಲಿದ್ದಾಗಲೇ ಕುಲೇಖಾನಿ ಹೊಳೆಯ ಬದಿಯ ಒಂದು ಮನೆಯಲ್ಲಿ ಇಳಿದುಕೊಂಡೆವು. ಯಾತ್ರಿಕರಿಗೆ ಜಾಗ ಕೊಟ್ಟು ಅಡುಗೆ ಮಾಡಿ ಹಾಕುವ ಮನೆ. ನಡೆಸುವವಳು ಮೈಲಿ ಎಂಬ ನಡುವಯಸ್ಸಿನ ಹೆಂಗಸು. ಗಂಡ ಪಲ್ಟನ್ನಿನಲ್ಲಿ ಇದ್ದುದರಿಂದ ಅವನ ಜೊತೆ ನಾಲ್ಕು ಊರು ಕಂಡು, ನನ್ನಷ್ಟೇ ಹರಕು ಹಿಂದೂಸ್ತಾನಿ ಕಲಿತಿದ್ದಳು. ಎರಡು ಹರಕು ಸೇರಿ ಮಾತು ಚೆನ್ನಾಗಿಯೇ ನಡೆಯಿತು.

ಒಲೆಯ ಮೇಲೆ ಕಪ್ಪು ಹಿಟ್ಟು ತಿರುವುತ್ತಿದ್ದಳು. ಅಕ್ಕ ಬಗ್ಗಿ ಮೂಸಿ ನೋಡಿ ಕೂಗಿಕೊಂಡಳು: "ಅಯ್ಯೋ, ರಾಗಿ ಕಣೇ! ಇದ್ಯಾವ್ ದೇಸಕ್ ಬಂದ್ರೂ ಮುದ್ದೆ ಐತಲ್ಲೇ!" ಢಿಂಡೋ ಎಂದು ಅದರ ಹೆಸರು. ನಮ್ಮ ಮುದ್ದೆಗಿಂತ ಮೆದು, ಆದರೆ ಅಗಿಯದೆ ನುಂಗುವುದು ಅಲ್ಲಿಯೂ ಹಾಗೆಯೇ. ಅಕ್ಕ ಮೊದಲ ತಟ್ಟೆಯನ್ನು ಗಂಡನ ಮುಂದಿಟ್ಟು, "ಮುದ್ದೆ ಉಂಡ್ರೆ ಉಪಾಸ ಕೆಡಾಕಿಲ್ಲ" ಎಂದು ತಾನೇ ಹೊಸ ಶಾಸ್ತ್ರ ಮಾಡಿದಳು. ಭಾವ ಒಂದು ತುತ್ತು ಬಾಯಿಗಿಟ್ಟರು. ಕಣ್ಣು ಹೊರಬಂದವು. ಕತ್ತು ಹಿಡಿದುಕೊಂಡು ಬಾಗಿಲಿಗೆ ಓಡಿದರು.

ಹಿಂದೆಯೇ ಹೋದ ಮೈಲಿ ಅವರು ಉಗುಳಿದ್ದನ್ನು ನೋಡಿ, ಗಂಟಲಿಗೆ ಬೆರಳು ತೋರಿಸಿ ಒಂದೇ ಮಾತು ಕೇಳಿದಳು: "ಮಛಲೀ?" ಮಛಲೀ ಎಂದರೆ ಮೀನು ಎಂದು ಅಕ್ಕನಿಗೆ ತಿಳಿಯದು. ನಾನು ಹೌದೆಂದು ತಲೆಯಾಡಿಸಿದೆ.

ಮೈಲಿ ಅಟ್ಟದಿಂದ ಒಂದು ಬಟ್ಟೆಗಂಟು ತಂದಳು. ಒಳಗೆ ಒಣಗಿ ಕಪ್ಪುಗೆಂಪಾದ ಎಸಳುಗಳು. ಹಿತ್ತಿಲಿನಿಂದ ತಾಜಾ ಹೂವನ್ನೂ ಕಿತ್ತು ತಂದಳು. ಲಾಲಿ ಗುರಾಂಸ್! ನಾನು ಅವಳ ಕೈ ಹಿಡಿದೆ. "ಬೇಡ. ಇದರ ಎಲೆ ತಿಂದರೆ ಮೇಕೆ ಸಾಯುತ್ತದಂತೆ."

"ಎಲೆ ಸಾಯಿಸುತ್ತದೆ. ಈ ಹೂವಿನ ಕಾಲದ ಜೇನು ತಲೆ ತಿರುಗಿಸುತ್ತದೆ. ಎಸಳು ಏನೂ ಮಾಡುವುದಿಲ್ಲ" ಎಂದಳು ಮೈಲಿ.

"ನಿನಗೆ ಹೇಗೆ ಗೊತ್ತು?"

"ನಮ್ಮ ಹೊಳೆಯಲ್ಲಿ ಮೀನಿದೆ. ನಮ್ಮ ಮಕ್ಕಳಿಗೆ ಗಂಟಲಿದೆ." ಹೂವಿನ ಬುಡದ ಹಸಿರನ್ನು, ನಡುವಿನ ಕೇಸರಗಳನ್ನು ಚಿವುಟಿ ಎಸೆದು, ಬರೀ ಕೆಂಪು ಎಸಳುಗಳನ್ನು ತನ್ನ ಬಾಯಿಗೆ ಹಾಕಿಕೊಂಡು ನನ್ನೆದುರಿಗೇ ಜಗಿದು ನುಂಗಿದಳು. "ಒಂದು ಹಿಡಿ. ಎರಡನೇ ಹಿಡಿ ಕೊಡುವುದಿಲ್ಲ."

ಕಲಿತವಳು ನಾನು. ಆದರೆ ನನ್ನ ಕೈಯಲ್ಲಿ ಚಮಚ ಮತ್ತು ಬ್ಯಾಟರಿ ಬಿಟ್ಟರೆ ಬೇರೇನೂ ಇರಲಿಲ್ಲ. ಭಾವನ ಮುಖ ನೋಡಿದೆ. ಅವರು ಆಗಲೇ ಕೈ ಚಾಚಿದ್ದರು.

ಜಗಿಯತೊಡಗಿದರು. ಹುಳಿಯಂತೆ, ಕೊನೆಗೆ ತುಸು ಒಗರಂತೆ. ಹುಣಸೆಹೂವಿನ ಹುಳಿಯಲ್ಲ, ಮಾಗದ ನೇರಳೆಯದು ಎಂದು ಆಮೇಲೆ ಹೇಳಿದರು. ಬಾಯಿ ತುಂಬ ನೀರೂರಿ ಕಟವಾಯಿಯಲ್ಲಿ ಕೆಂಪಗೆ ಇಳಿಯಿತು, ಕಣ್ಣಲ್ಲೂ ನೀರು. ಮೈಲಿ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನುಂಗಬೇಡ, ಇನ್ನೂ ಜಗಿ, ಇನ್ನೂ ಜಗಿ ಎಂದು ಸನ್ನೆ ಮಾಡುತ್ತಿದ್ದಳು. ಕೊನೆಗೆ ಈಗ ನುಂಗು ಎಂದು ಕೈ ಬೀಸಿದಳು. ಭಾವ ಕಣ್ಣು ಮುಚ್ಚಿ ನುಂಗಿದರು. ಒಡನೆಯೇ ಎದೆಯಿಂದ ಕೆಮ್ಮು ಎದ್ದಿತು. ಬಾಗಿ, ಗೋಡೆ ಹಿಡಿದು, ಮತ್ತೆ ಮತ್ತೆ ಕೆಮ್ಮಿ, ಅಂಗೈಗೆ ಒಂದು ಕೆಂಪು ಉಂಡೆ ಉಗುಳಿದರು. ನಾನು ಬೆರಳಲ್ಲಿ ಬಿಡಿಸಿ ನೋಡಿದೆ. ನಡುವೆ, ಬಿಲ್ಲಿನ ಹಾಗೆ ಬಾಗಿದ ಅರ್ಧ ಬೆರಳುದ್ದದ ಬಿಳಿ ಮುಳ್ಳು.

ಭಾವ ಮೊದಲು ಮಾಡಿದ ಕೆಲಸ ಎಂಜಲು ನುಂಗಿದ್ದು. ಆಮೇಲೆ ನಕ್ಕರು. ನಾನೂ ನಕ್ಕೆ. ಅಕ್ಕ ನಗಲಿಲ್ಲ. ನನ್ನ ಅಂಗೈಯನ್ನೇ ನೋಡುತ್ತಿದ್ದಳು.

"ಇದು ಮೀನ್ ಮುಳ್ಳಲ್ವಾ?"

ಭಾವ ಕಟವಾಯಿಯ ಕೆಂಪನ್ನು ಒರೆಸಿಕೊಂಡರು.

"ನಿಂಗೂ ಗೊತ್ತಿತ್ತಾ?" ಈ ಪ್ರಶ್ನೆ ನನಗೆ. ನಾನು ತಲೆ ತಗ್ಗಿಸಿದೆ.

"ನಾನು ಉಳ್ದಿರೋ ಮರಿ ಬದುಕ್ಲಿ ಅಂತ ಇಲ್ಗಂಟ ಕಾಲ್ ಸವ್ಸ್ಕಂಡ್ ಬಂದಿವ್ನಿ" ಅಂದಳು ಗಂಡನಿಗೆ. "ನೀನು ನಾಕ್ ದಿನ ಬಾಯ್ ಕಟ್ನಾರ್ದೋದೆ. ಅಲ್ಲಿ ಅವ್ಕೆ ಏನಾರ ಆದ್ರೆ?" ಅಷ್ಟೇ. ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಕಾಠ್ಮಂಡು

ಚಂದ್ರಗಿರಿಯ ನೆತ್ತಿಯಿಂದ ಕಣಿವೆ ಕಂಡಿತು, ಅದರ ಹಿಂದೆ ಹಿಮದ ಸಾಲು. ಕೈಮುಗಿದ ಅಕ್ಕ ನಮ್ಮಿಬ್ಬರ ಕಡೆ ತಿರುಗಲಿಲ್ಲ. ಮಾತು ಬಿಟ್ಟು ಎರಡು ದಿನವಾಗಿತ್ತು.

ಕಾಠ್ಮಂಡುವಿನ ಧರ್ಮಛತ್ರದಲ್ಲಿ ನನಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು. ನಾವು ಹೊರಡುವಾಗ ಮೈಲಿ, ಈ ಹೂವು ಮುಳ್ಳನ್ನು ಕರಗಿಸುತ್ತದೆ ಎಂದಿದ್ದಳು. ನಿಜವೇ? ಬಜಾರಿನಲ್ಲಿ ಒಂದು ಸುಟ್ಟ ಮೀನು ತಂದು, ಅಕ್ಕನ ಕಣ್ಣಿಗೆ ಬೀಳದಂತೆ ಮುಳ್ಳು ಬಿಡಿಸಿ, ದಾರಿಯಲ್ಲಿ ಕಿತ್ತು ತಂದಿದ್ದ ಎಸಳು ಅರೆದ ರಸದಲ್ಲಿ ಬಟ್ಟಲೊಳಗೆ ನೆನೆಹಾಕಿದೆ. ಒಂದು ಹಗಲು, ಒಂದು ರಾತ್ರಿ. ತೆಗೆದು ಬಗ್ಗಿಸಿ ನೋಡಿದರೆ ಮುಳ್ಳು ಮೊದಲಿನಷ್ಟೇ ಗಟ್ಟಿ, ಬಣ್ಣ ಮಾತ್ರ ತುಸು ಕೆಂಪು. ಹಾಗಾದರೆ ಭಾವನ ಗಂಟಲಲ್ಲಿ ಆದದ್ದೇನು? ಹುಳಿಗೆ ಊರಿದ ನೀರು, ಜಗಿದ ಉಂಡೆಯ ಜಾರು, ಕೆಮ್ಮಿನ ರಭಸ, ಇವು ಮೂರೂ ಸೇರಿ ಕಿತ್ತವೇನೋ. ಖಂಡಿತ ಹೇಳಲಾರೆ.

ಶಿವರಾತ್ರಿಯ ದಿನ ಪಶುಪತಿಯ ಬಾಗಿಲಲ್ಲಿ ಸಮುದ್ರದಂತೆ ಜನ. ಭಾವ ಬಾಗಿಲು ದಾಟಲಿಲ್ಲ. "ನೀವ್ ಓಗ್ಬನ್ನಿ ಅಮ್ಮಿ. ನಾನು ಇಲ್ಲೇ ನಿಂತ್ಕತೀನಿ" ಎಂದು ಪಕ್ಕದ ಬಾಗ್ಮತಿ ಹೊಳೆಯ ದಡದಲ್ಲಿ ಚಪ್ಪಲಿ ಬಿಟ್ಟು ನಿಂತರು. ಅಕ್ಕ ಒಳಗೆ ಹೋದಳು. ಚಿನ್ನದ ಮಾಡು, ಬೆಳ್ಳಿಯ ಬಾಗಿಲು, ನಾಲ್ಕು ಮುಖದ ಲಿಂಗ. ಅವಳ ತುಟಿ ಅಲುಗುತ್ತಲೇ ಇತ್ತು. ನನಗೆ ಕೇಳಿಸಿದ್ದು "ಅವ್ರ್ ತಪ್ಗೆ ಮರಿ ಮ್ಯಾಲೆ ಕ್ವಾಪ ಮಾಡ್ಕಬ್ಯಾಡ" ಎಂಬಷ್ಟು ಮಾತ್ರ. ಹೊರಗೆ ಬಂದಾಗ ಭಾವ ಅದೇ ಜಾಗದಲ್ಲಿ, ಕೈಮುಗಿದುಕೊಂಡೇ ನಿಂತಿದ್ದರು. ಅಕ್ಕ ಪ್ರಸಾದವನ್ನು ಅವರ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟಳು. ನಾನು ಕೊಟ್ಟೆ.

ಮಾರನೆಯ ದಿನ ಪೇಟೆಯಲ್ಲಿ ತಿರುಗುವಾಗ ಒಂದು ಭೈರವನ ಗುಡಿಯ ಮುಂದೆ ಪೂಜೆ ನಡೆದಿತ್ತು. ನಿಂತು ನೋಡಿದೆವು. ಎಡೆಯಲ್ಲಿ ಅವಲಕ್ಕಿ, ಶುಂಠಿ, ಬೇಯಿಸಿದ ಮೊಟ್ಟೆ, ಅದರ ಪಕ್ಕ ಇಡಿಯಾದ ಒಂದು ಒಣಮೀನು. ದೇವರಿಗೆ ತೋರಿಸಿದ ಮೇಲೆ ಪೂಜೆಯ ಮುದುಕ ಎಲ್ಲರಿಗೂ ಹಂಚಿದ. ಶುಭವೆಂದರೆ ಇಲ್ಲಿ ಮೀನು, ಮೊಟ್ಟೆ ಎಂದು ಪಕ್ಕದವರು ನನಗೆ ತಿಳಿಸಿ ಹೇಳಿದರು. ಭಾವನ ಅಂಗೈಗೆ ಒಂದು ಚೂರು ಮೀನು ಬಿತ್ತು. ಕೆಂಡ ಬಿದ್ದವರಂತೆ ಅವರು ಹಿಂದಕ್ಕೆ ನೆಗೆದರು. ಮುದುಕ ಸಿಟ್ಟಾಗಿ, ದೇವರ ಪ್ರಸಾದ ಬೇಡವೇ ಎಂದು ಗದರಿದ. ಭಾವ ಅಕ್ಕನ ಮುಖ ನೋಡಿದರು, ಮುದುಕನ ಮುಖ ನೋಡಿದರು. ಕೊನೆಗೆ ಅದನ್ನು ಕಣ್ಣಿಗೊತ್ತಿಕೊಂಡು ಪಂಚೆಯ ತುದಿಗೆ ಗಂಟು ಹಾಕಿಕೊಂಡರು. ಅಕ್ಕ ಅಲ್ಲೇ ಬಹಳ ಹೊತ್ತು ನಿಂತು ಆ ಭೈರವನನ್ನು ನೋಡಿದಳು. ಅವನ ಬಾಯಿಗೆ ಮೀನಿನ ಎಣ್ಣೆ ಮೆತ್ತಿತ್ತು. ಏನೋ ಕೇಳುವವಳಂತೆ ನನ್ನ ಕಡೆ ತಿರುಗಿ, ಮತ್ತೆ ಭೈರವನ ಕಡೆಗೇ ಮುಖ ಮಾಡಿದಳು.

ಮತ್ತೆ ಕುಲೇಖಾನಿ

ಹಿಂದಿರುಗುವಾಗ ಮೈಲಿಯ ಮನೆಯಲ್ಲೇ ಇಳಿದೆವು. ಮೈಲಿ ಮೊದಲು ಭಾವನ ಬಾಯಿ ತೆರೆಸಿ ನೋಡಿ ಸಮಾಧಾನಪಟ್ಟಳು. ನಾನು ನನ್ನ ಬಟ್ಟಲಿನ ಪರೀಕ್ಷೆಯನ್ನು ತುಸು ಬಿಗುಮಾನದಿಂದಲೇ ವಿವರಿಸಿದೆ. ಕರಗಲಿಲ್ಲ ಎಂದೆ.

ಮೈಲಿ ಬಿದ್ದು ಬಿದ್ದು ನಕ್ಕಳು. "ಬಟ್ಟಲಿಗೆ ನುಂಗಲು ಬರುತ್ತದೆಯೇ, ಕೆಮ್ಮಲು ಬರುತ್ತದೆಯೇ?"

ನಾನು ಬಿಗುಮಾನ ಬಿಟ್ಟು ಪೆನ್ಸಿಲು ತೆಗೆದೆ. ಆ ಹೂವಿನ ಬಗ್ಗೆ ಅವಳಿಗೆ ಗೊತ್ತಿದ್ದುದನ್ನೆಲ್ಲ ಕೇಳಿ ಬರೆದುಕೊಂಡೆ. ರಕ್ತಭೇದಿಗೆ ಒಣ ಎಸಳಿನ ಕಷಾಯ. ತಲೆನೋವಿಗೆ ಚಿಗುರೆಲೆ ಅರೆದು ಹಣೆಗೆ ಹಚ್ಚುವುದು, ಬಾಯಿಗೆ ಮಾತ್ರ ಸೋಕಿಸಬಾರದು. ಅವಳೂ ಸುಮ್ಮನೆ ಹೇಳಲಿಲ್ಲ. ಹೆತ್ತ ಮೇಲೆ ರಕ್ತ ನಿಲ್ಲದಿದ್ದರೆ ನಿಮ್ಮಲ್ಲಿ ಏನು ಮಾಡುತ್ತೀರಿ ಎಂದು ನನ್ನನ್ನು ಕೇಳಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜಿ ಗಟ್ಟಿಮಾಡುವ ರೀತಿಯನ್ನು ಅವಳ ಹೊಟ್ಟೆಯ ಮೇಲೆಯೇ ತೋರಿಸಿಕೊಟ್ಟೆ. ಮೂರು ಸಲ ಮಾಡಿಸಿ ಕಲಿತುಕೊಂಡಳು.

ಆಮೇಲೆ ಮೈಲಿ ಒಲೆ ಹಚ್ಚಿದಳು. ಸೊಪ್ಪು ಬಿಡಿಸಲು ಅಕ್ಕ ತಾನಾಗಿ ಹೋಗಿ ಅವಳ ಪಕ್ಕ ಕೂತಳು. ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಕೇಳಿಸಿತು. ಕನ್ನಡದಲ್ಲಿ!

"ನೋಡವ್ವ, ಮದ್ವೆ ಆದಾಗಿಂದ್ಲೂ ಇಂಗೇಯ. ನಾಲ್ಗೆ ಒಂದ್ ನಿಮ್ಸ ಅಂಕೇಲಿರಾಕಿಲ್ಲ. ಉಪಾಸ ಅಂತ ನಾನು ಊರ್ಗೆಲ್ಲ ಏಳ್ಕಳಾಕೆ ರೆಡಿಯಾಗಿದ್ದೆ. ಕೊನೇಗ್ ನೋಡುದ್ರೆ ಆ ಬೈರಪ್ನೂ ಮೀನ್ ತಿಂತನೆ! ಅವನ್ನ ನಾನ್ ಏನ್ ಕೇಳಾನ?"

ಮೈಲಿ ತನ್ನ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದಳು. ಗೋಡೆಗೆ ತೂಗುಹಾಕಿದ್ದ ಗಂಡನ ಹಳೆಯ ಸಿಪಾಯಿ ಟೋಪಿಯ ಕಡೆ ಕೈ ತೋರಿಸಿ, ಹುಬ್ಬು ಹಾರಿಸಿ, ಮೂಗು ಮುರಿದಳು. ಅಕ್ಕ ಅದನ್ನು ಕೇಳಿ, "ಊಂ ಮತ್ತೆ! ಎಲ್ಲ ಒಂದೇಯ" ಅಂದಳು. ಮೈಲಿ ಮತ್ತೇನೋ ಅಂದಳು. ಇಬ್ಬರೂ ಸೊಪ್ಪು ಬಿಟ್ಟು, ಒಬ್ಬರ ತೊಡೆ ಒಬ್ಬರು ತಟ್ಟಿಕೊಂಡು, ಕಣ್ಣು ಒರೆಸಿಕೊಂಡು ನಗತೊಡಗಿದರು. ನಾನು ತರ್ಜುಮೆ ಮಾಡಲೆಂದು ಹತ್ತಿರ ಹೋದೆ. ಅಕ್ಕ ಸೊಪ್ಪಿನ ಕೈಯನ್ನು ಅಡ್ಡ ಹಿಡಿದು, "ನೀನ್ ಸುಮ್ಕಿರೇ" ಅಂದಳು. ಎಂಟು ದಿನಕ್ಕೆ ನನ್ನ ಜೊತೆ ಆಡಿದ ಮೊದಲ ಮಾತು.

ಭಾವ ಹೊಸ್ತಿಲ ಆಚೆ, ಕಟ್ಟೆಯ ಮೇಲೆ, ಬೆನ್ನು ತೋರಿಸಿಕೊಂಡು ಕೂತಿದ್ದರು. ಒಳಗಿನ ನಗುವಿಗೆ ಅವರ ಕಿವಿ ಮಾತ್ರ ನಿಮಿರಿತ್ತು. ಅಕ್ಕ ಬಿಸಿ ಢಿಂಡೋ ತಟ್ಟೆಗೆ ಹಾಕಿ, ನಡುವೆ ಗುಳಿ ಮಾಡಿ ಸಾರು ಬಿಟ್ಟು, ಹೊಸ್ತಿಲ ಹತ್ತಿರ ಕುಕ್ಕಿದಳು.

"ಮುದ್ದೆ ಆರೋಯ್ತದೆ" ಅಂದಳು. "ಬಂದ್ ಉಣ್ಣು."